ಶ್ವಾಸನಾಳಕ್ಕೂ ಸ್ಟೆಂಟ್ ಹಾಕುತ್ತಾರೆಯೇ?

ನಮಸ್ಕಾರ. ಹೃದಯದ ರಕ್ತನಾಳಕ್ಕೆ ಹಾಕುವಂತೆ ಉಸಿರಿನ ದಾರಿಗೂ ಸ್ಟೆಂಟ್, ಅಂದರೆ ದಾರಿಯನ್ನು ತೆರೆದು ಹಿಡಿಯುವ ಪುಟ್ಟ ಕೊಳವೆ, ಹಾಕಬಹುದೇ ಎಂದು ವೀಕ್ಷಕರೊಬ್ಬರು ಕೇಳಿದ್ದಾರೆ. ಹಾಕಬಹುದು, ಆದರೆ ಇಲ್ಲಿಯ ಕಷ್ಟಗಳೇ ಬೇರೆ.

ಕ್ಯಾನ್ಸರ್ ಗಡ್ಡೆ ಒಳಗೆ ಬೆಳೆದರೆ ಅಥವಾ ಹೊರಗಿನಿಂದ ಒತ್ತಿದರೆ, ಬಹಳ ದಿನ ವೆಂಟಿಲೇಟರ್ ಕೊಳವೆಯಿದ್ದ ಜಾಗದಲ್ಲಿ ಗಾಯ ಮಾಗಿ ಬಿಗಿದುಕೊಂಡರೆ, ಕ್ಷಯ ವಾಸಿಯಾದ ಬಳಿಕ ಶ್ವಾಸನಾಳದ ಕವಲು ಕುಗ್ಗಿದರೆ, ಶ್ವಾಸನಾಳ ಕಿರಿದಾಗುತ್ತದೆ. ಗಾಳಿ ನಯವಾಗಿ ಹರಿಯುವ ಕೊಳವೆಯ ತ್ರಿಜ್ಯ ಅರ್ಧಕ್ಕಿಳಿದರೆ ಪ್ರತಿರೋಧ 16 ಪಟ್ಟಾಗುತ್ತದೆ. ಆಗ ಕೇಳುವ ಸುಂಯ್ ಸದ್ದನ್ನು ಅಸ್ತಮಾ ಎಂದೇ ಭಾವಿಸಿ, ಇನ್‌ಹೇಲರ್‌ನಲ್ಲೇ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ.

ಸ್ಟೆಂಟ್ ಇಡುವುದಕ್ಕಿಂತ ಅದನ್ನು ಇಟ್ಟಲ್ಲಿಯೇ ನಿಲ್ಲಿಸುವುದು ಕಷ್ಟ, ಏಕೆಂದರೆ ನುಣುಪಾದ ಕೊಳವೆ ಒಂದು ಜೋರು ಕೆಮ್ಮಿಗೇ ಜಾರಬಹುದು. ಫ್ರಾನ್ಸ್‌ನ ಮಾರ್ಸೇಯ ವೈದ್ಯ ಜಾನ್ ಫ್ರಾನ್ಸ್ವಾ ದ್ಯೂಮೊನ್ 1990ರಲ್ಲಿ ಪ್ರಕಟಿಸಿದ ಸಿಲಿಕೋನ್ ಸ್ಟೆಂಟ್ ಇದಕ್ಕೆ ನೀಡಿದ ಉತ್ತರ ನನಗೆ ಬಹಳ ಮೆಚ್ಚುಗೆಯಾದದ್ದು. ಪಲ್ಯಕ್ಕೆಂದು ತಿರುಳು ತೆಗೆದ ಹಾಗಲಕಾಯಿಯನ್ನು ನೆನೆಯಿರಿ: ಒಳಗೆ ಖಾಲಿ, ಮೈಮೇಲೆ ಗುಬುಟುಗಳು. ಈ ಸ್ಟೆಂಟ್‌ನ ಹೊರಮೈಯಲ್ಲೂ ಅಂಥ ಪುಟ್ಟ ಗುಬುಟುಗಳ ಸಾಲುಗಳಿದ್ದು, ಅವು ಶ್ವಾಸನಾಳದ ಗೋಡೆಗೆ ಒತ್ತಿಕೊಂಡು ಕೊಳವೆ ಜಾರದಂತೆ ತಡೆಯುತ್ತವೆ. ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಗಟ್ಟಿ ಬ್ರಾಂಕೋಸ್ಕೋಪ್ (ಶ್ವಾಸನಾಳದ ಒಳಗನ್ನು ನೋಡುವ, ಬಾಗದ ಕೊಳವೆ) ಇಳಿಸಿ, ಮಡಚಿದ ಸ್ಟೆಂಟನ್ನು ಅದರೊಳಗಿಂದ ತಳ್ಳಿದಾಗ, ಅದು ಬಿಚ್ಚಿಕೊಂಡು ದಾರಿಯನ್ನು ತೆರೆದು ಹಿಡಿಯುತ್ತದೆ. ಬೇಡವೆನಿಸಿದಾಗ ಹೊರತೆಗೆಯಲೂ ಬರುತ್ತದೆ.

ನಿಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್‌ನ ಜಾಲರಿ ಸ್ಟೆಂಟ್ ತಾನಾಗಿ ಅರಳುವುದರಿಂದ ಅಳವಡಿಸುವುದು ಸುಲಭ. ಆದರೆ ಜಾಲರಿಯ ಕಣ್ಣುಗಳಲ್ಲಿ ಅಂಗಾಂಶ ಬೆಳೆದರೆ ತೆಗೆಯುವುದು ಅಪಾಯಕಾರಿ. ಹೀಗಾಗಿಯೇ, ಕ್ಯಾನ್ಸರ್ ಅಲ್ಲದ ಕಾಯಿಲೆಗಳಲ್ಲಿ ಬೇರೆಲ್ಲ ದಾರಿ ಮುಗಿದ ಮೇಲಷ್ಟೇ ಲೋಹದ ಸ್ಟೆಂಟ್ ಬಳಸಬೇಕೆಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಎಚ್ಚರಿಸಿತು.

ಇನ್ನುಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಶ್ವಾಸನಾಳದ ಒಳಪದರದ ಸೂಕ್ಷ್ಮ ರೋಮಗಳು ಕಫವನ್ನು ಗಂಟಲಿನತ್ತ ಸಾಗಿಸುತ್ತಿರುತ್ತವೆ. ಸ್ಟೆಂಟ್ ಮುಚ್ಚಿದ ಜಾಗದಲ್ಲಿ ಆ ಸಾಗಾಟ ನಿಂತು, ಕಫ ಒಣಗಿ ದಾರಿಯನ್ನೇ ಕಟ್ಟಬಹುದು. ಆದ್ದರಿಂದ ಅನೇಕರಿಗೆ ನಿತ್ಯವೂ ಸಲೈನ್ ನೆಬುಲೈಸೇಶನ್, ಅಂದರೆ ಉಪ್ಪುನೀರನ್ನು ಯಂತ್ರದಿಂದ ಮಂಜಾಗಿಸಿ ಉಸಿರಾಡುವುದನ್ನು, ಸೂಚಿಸುತ್ತಾರೆ. ಈ ಮಾತನ್ನು ಮನೆಯವರಿಗೆ ಸ್ಟೆಂಟ್ ಹಾಕುವ ಮೊದಲೇ ಬಿಡಿಸಿ ಹೇಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಸ್ಟೆಂಟ್‌ನ ಬಗೆ, ಅಳತೆ, ಇಟ್ಟ ಜಾಗ ಬರೆದ ಚೀಟಿಯೊಂದು ಸದಾ ರೋಗಿಯ ಜೇಬಿನಲ್ಲಿರಲಿ. ತುರ್ತಿನಲ್ಲಿ ಉಸಿರಾಟದ ಕೊಳವೆ ಹಾಕಬೇಕಾಗಿ ಬಂದರೆ, ಅಪರಿಚಿತ ವೈದ್ಯರು ಮೊದಲು ತಿಳಿಯಬೇಕಾದದ್ದು ಅದನ್ನೇ.