ಕೈಗೆ ಕಟ್ಟೋ ಪಟ್ಟಿಯೊಳಗೆ ಒಂದು ಮೆಗಾಓಮ್ ಯಾಕೆ?

ಎಲೆಕ್ಟ್ರಾನಿಕ್ಸ್ ಅಸೆಂಬ್ಲಿ ಲೈನ್ ನೋಡಿದವರು ತಪ್ಪದೇ ಕೇಳೋ ಪ್ರಶ್ನೆ: ಕೆಲಸದವರ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ವೈರಿನಿಂದ ಟೇಬಲ್‌ಗೆ ಸಿಗಿಸಿರೋದು ಯಾಕೆ? ಓಡಿಹೋಗ್ತಾರೆ ಅಂತ ಅಲ್ಲ!

ನಡೆದಾಡಿದ್ರೆ, ಕುರ್ಚಿಯಿಂದ ಎದ್ರೆ, ಮೈಯಲ್ಲಿ ಸ್ಟ್ಯಾಟಿಕ್ ಚಾರ್ಜ್ ಕೂಡುತ್ತೆ. ಬೆರಳಿಗೆ ಚುರ್ ಅನ್ನಿಸೋಕೆ ಸುಮಾರು 3,000 ವೋಲ್ಟ್ ಬೇಕು. ಕೆಲವು ಐಸಿಗಳು, ಅಂದ್ರೆ ಚಿಪ್‌ಗಳು, ಕೆಡೋಕೆ 100 ವೋಲ್ಟ್ ಸಾಕು. ಪೂರ್ತಿ ಸುಟ್ಟುಹೋದ್ರೆ ಪುಣ್ಯ, ಟೆಸ್ಟಿಂಗ್‌ನಲ್ಲೇ ಸಿಕ್ಕಿಬೀಳುತ್ತೆ. ಅರ್ಧ ಪೆಟ್ಟು ತಿಂದ ಚಿಪ್ ಟೆಸ್ಟ್ ಪಾಸಾಗಿ, ಗ್ರಾಹಕರ ಕೈಯಲ್ಲಿ ಕೈಕೊಡಬಹುದು.

[ಕ್ಲೋಸಪ್: ವೈರಿನ ದಪ್ಪ ತುದಿ]

ಪಟ್ಟಿ ಆ ಚಾರ್ಜನ್ನ ಅರ್ತ್‌ಗೆ ಇಳಿಸುತ್ತೆ, ಸರಿ. ಆದ್ರೆ ಈ ತುದಿಯೊಳಗೆ 1 ಮೆಗಾಓಮ್ ರೆಸಿಸ್ಟರ್, ಅಂದ್ರೆ ಕರೆಂಟಿಗೆ ಹತ್ತು ಲಕ್ಷ ಓಮ್ ತಡೆ ಒಡ್ಡೋ ಪುಟ್ಟ ಭಾಗ, ಕೂತಿದೆ. ದಾರಿ ಮಾಡಿಕೊಟ್ಟು, ಅದೇ ದಾರಿಗೆ ಅಡ್ಡಗಾಲು!

ಲೆಕ್ಕ ಹಾಕೋಣ. ಕೈತಪ್ಪಿ 230 ವೋಲ್ಟ್ ಮುಟ್ಟಿದ್ರಿ. ರೆಸಿಸ್ಟರ್ ಇಲ್ಲದಿದ್ರೆ ಕರೆಂಟ್ ನಿಮ್ಮ ಮೂಲಕವೇ ಅರ್ತ್‌ಗೆ. ಇದ್ರೆ ಪಟ್ಟಿಯ ಮೂಲಕ ಹರಿಯೋದು ಬರೀ 0.23 ಮಿಲಿಆಂಪಿಯರ್. ಹಾಗಾದ್ರೆ ಸ್ಟ್ಯಾಟಿಕ್ ಇಳಿಯೋದು ತಡ ಆಗಲ್ವಾ? ಮೈಯ ಕೆಪಾಸಿಟೆನ್ಸ್, ಅಂದ್ರೆ ಚಾರ್ಜ್ ಹಿಡಿದಿಟ್ಕೊಳ್ಳೋ ಶಕ್ತಿ, ಸುಮಾರು 100 ಪಿಕೋಫ್ಯಾರಡ್. 1 ಮೆಗಾಓಮ್‌ನಿಂದ ಗುಣಿಸಿದ್ರೆ ಚಾರ್ಜ್ ಇಳಿಯೋ ವೇಗದ ಅಳತೆ ಸಿಗುತ್ತೆ: 0.1 ಮಿಲಿಸೆಕೆಂಡ್. ಅದರ ಐದು ಪಟ್ಟು ಸಮಯದಲ್ಲಿ ಶೇ. 99ಕ್ಕಿಂತ ಹೆಚ್ಚು ಚಾರ್ಜ್ ಖಾಲಿ. ರೆಪ್ಪೆ ಮಿಟುಕಿಸೋಕೂ ಇದಕ್ಕಿಂತ ನೂರಾರು ಪಟ್ಟು ಹೊತ್ತು ಬೇಕು. ಇಡೀ ಲೈನ್‌ನಲ್ಲಿ ಇಷ್ಟು ಜಾಣ ರೆಸಿಸ್ಟರ್ ಇನ್ನೊಂದಿಲ್ಲ, ನನ್ನ ಮಟ್ಟಿಗೆ. ಹಾಗಂತ ಪಟ್ಟಿ ಕಟ್ಕೊಂಡು ಹೈ ವೋಲ್ಟೇಜ್ ಟೆಸ್ಟ್‌ಗೆ ಕೈ ಹಾಕಬೇಡಿ.

ಕೆಡೋದು ಎಲ್ಲಿ? ಪಟ್ಟಿಯನ್ನ ಅಂಗಿ ತೋಳಿನ ಮೇಲೆ ಕಟ್ಟಿದ್ರೆ ದಂಡ. ಸಡಿಲ ಇದ್ರೆ, ಚರ್ಮ ತೀರಾ ಒಣಗಿದ್ರೆ ಸಂಪರ್ಕ ಸಿಗಲ್ಲ. ವೈರ್ ಬಾಗೋ ಜಾಗದಲ್ಲಿ ಒಳಗೇ ತುಂಡಾಗಿರುತ್ತೆ, ಹೊರಗೆ ಹೊಸದರ ಹಾಗೆ ಕಾಣುತ್ತೆ. ಅದಕ್ಕೇ ಶಿಫ್ಟ್ ಶುರುವಿಗೆ ಪಟ್ಟಿ ಕಟ್ಕೊಂಡೇ, ಅದರ ಸಂಪರ್ಕ ಅಳೆಯೋ ಟೆಸ್ಟರ್ ಒತ್ತಬೇಕು, ಒತ್ತಿದಾಗ ವೈರ್ ಸ್ವಲ್ಪ ಅಲ್ಲಾಡಿಸಿ. ಸಾಮಾನ್ಯವಾಗಿ ಒಟ್ಟು ತಡೆ 35 ಮೆಗಾಓಮ್ ದಾಟಿದ್ರೆ ಫೇಲ್.

ಟೈಮ್ ಆಗ್ತಿದೆ, ಮಿಕ್ಕಿದ್ದು ಫಟಾಫಟ್. ಸೋಲ್ಡರ್ ಪೇಸ್ಟ್ (ಭಾಗಗಳನ್ನ ಬೋರ್ಡ್‌ಗೆ ಬೆಸೆಯೋ ಲೋಹದ ಪೇಸ್ಟ್) ಡಬ್ಬ ಫ್ರಿಜ್‌ನಿಂದ ತೆಗೆದ ಕೂಡಲೇ ತೆರೆಯಬೇಡಿ; ತೇವ ಕೂತು, ಪೇಸ್ಟ್ ಕರಗಿಸೋ ರಿಫ್ಲೋ ಓವನ್‌ನಲ್ಲಿ ಸಿಡಿಯುತ್ತೆ, ಸಣ್ಣ ಗುಂಡುಗಳು ಚೆಲ್ಲುತ್ತವೆ. ಸಾಮಾನ್ಯವಾಗಿ 4 ಗಂಟೆ ಹೊರಗಿಡ್ತಾರೆ. ಸೀಸ ಇಲ್ಲದ ಎಸ್‌ಎಸಿ305 ಅನ್ನೋ ಸೋಲ್ಡರ್ ಕರಗೋಕೆ ಶುರುವಾಗೋದು 217 ಡಿಗ್ರಿ ಸೆಲ್ಸಿಯಸ್‌ಗೆ. ಪುಟಾಣಿ ಕೆಪಾಸಿಟರ್ ಒಂಟಿಕಾಲಲ್ಲಿ ಎದ್ದು ನಿಂತಿದ್ಯಾ? ಅದರ ಕಾಲು ಕೂರೋ ಎರಡು ಪ್ಯಾಡ್‌ಗಳಲ್ಲಿ ಒಂದರ ಪೇಸ್ಟ್ ಮೊದಲೇ ಕರಗಿ ಅದನ್ನ ಎಳ್ಕೊಂಡಿದೆ. ಮೊದಲು ಎರಡೂ ಪ್ಯಾಡ್‌ಗಳ ಪೇಸ್ಟ್ ಸಮ ಇದ್ಯಾ ನೋಡಿ, ಆಮೇಲೆ ಓವನ್ ಬೈಯಿರಿ.