85 ಗ್ರೇನ್ ಹುಚ್ಚು, ಮರೆತುಹೋದ ಮೇಣ

ಮಾರ್ಟಿನಿ-ಹೆನ್ರಿ ಕೋವಿ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಮದ್ದು ಎಷ್ಟು ಹಾಕಬೇಕು? ಉತ್ತರವೂ ಎಲ್ಲರಿಗೂ ಬಾಯಿಪಾಠ. 85 ಗ್ರೇನ್. ಅಂದರೆ ಸುಮಾರು ಐದೂವರೆ ಗ್ರಾಂ ಕಪ್ಪು ಮದ್ದು, ಅದರ ಮುಂದೆ 480 ಗ್ರೇನ್ ತೂಕದ ಗುಂಡು. ಬ್ರಿಟಿಷ್ ಸೈನ್ಯ 1871ರಲ್ಲಿ ಒಪ್ಪಿಕೊಂಡ ಕೋವಿಯ ಲೆಕ್ಕ ಅದು. ಸರಿ, ಅಷ್ಟೇ ಹಾಕಿದಿರಿ. ನೂರು ಗಜಕ್ಕೂ ಗುಂಡು ಗುರಿ ಮುಟ್ಟಲಿಲ್ಲ. ಆಗ ಬೈಗುಳ ಯಾರಿಗೆ? ಆ ಬಡಪಾಯಿ ಕೋವಿಗೆ.

ನನ್ನನ್ನು ಕೇಳಿದರೆ ತಪ್ಪು ಕೋವಿಯದ್ದಲ್ಲ. ಸೈನ್ಯದ ಆ ಹಳೆಯ ತೋಟೆಯಿಂದ, ಅಂದರೆ ಮದ್ದು, ಗುಂಡು ಒಟ್ಟಿಗೆ ತುಂಬಿದ ಕಾರ್ಟ್ರಿಡ್ಜ್‌ನಿಂದ, ನೀವು ಒಂದು ಅಂಕಿಯನ್ನು ಮಾತ್ರ ಎತ್ತಿಕೊಂಡಿದ್ದೀರಿ. ಒಳಗೆ ಇನ್ನೇನಿತ್ತು ಅಂತ ನೋಡಲೇ ಇಲ್ಲ. ಮದ್ದಿಗೂ ಗುಂಡಿಗೂ ನಡುವೆ ರಟ್ಟಿನ ಬಿಲ್ಲೆಗಳಿದ್ದವು, ಅವುಗಳ ಮಧ್ಯೆ ಜೇನುಮೇಣದ ಒಂದು ಬಿಲ್ಲೆ. ಗುಂಡಿಗೆ ಕಾಗದ ಸುತ್ತಿರುತ್ತಿತ್ತು. ಗುಂಡು ಮೆತ್ತಗಿನದು, 12 ಪಾಲು ಸೀಸಕ್ಕೆ 1 ಪಾಲು ತವರ.

ಆ ಮೇಣ ಶೋಕಿಗಲ್ಲ. ಕಪ್ಪು ಮದ್ದು ಎಂದರೆ ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು, ಗಂಧಕ; 75, 15, 10ರ ಲೆಕ್ಕದಲ್ಲಿ. ಉರಿದಾಗ ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಅನಿಲವಾಗುವುದೇ ಇಲ್ಲ, ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ಮೇಣದ ಜಿಡ್ಡು ಸಿಕ್ಕರೆ ಆ ಮಸಿ ಮೆತ್ತಗಿರುತ್ತದೆ, ಮುಂದಿನ ಗುಂಡು ಅದನ್ನು ಬಳಿದುಕೊಂಡು ಹೋಗುತ್ತದೆ. ಸಿಗದಿದ್ದರೆ ತಳ ಹಿಡಿದ ಹಾಲಿನ ಪಾತ್ರೆಯ ಹಾಗೆ ನಳಿಗೆಯ ಒಳಗೆಲ್ಲ ಕಚ್ಚಿಕೊಳ್ಳುತ್ತದೆ. ಒಣ ಹವೆಯಲ್ಲಿ ಇನ್ನೂ ಬೇಗ. ಮೊದಲ ಎರಡು ಗುಂಡು ಚೆನ್ನಾಗಿ ಹೋಗಿ ಐದನೆಯದು ಎಲ್ಲೋ ಹಾರಿದರೆ ಮದ್ದಿನ ತೂಕ ಬದಲಿಸಬೇಡಿ. ಮಸಿಯನ್ನು ನೋಡಿ. ಹಳೆಯ ಸ್ಪರ್ಧಿಗಳು ಎರಡು ಗುಂಡಿನ ನಡುವೆ ಕೊಳವೆಯಿಂದ ನಳಿಗೆಯೊಳಗೆ ಉಸಿರು ಊದುತ್ತಿದ್ದರು. ಬಾಯಿಯ ತೇವ ಸಾಕು, ಮಸಿ ಮೆತ್ತಗಾಗುತ್ತದೆ.

ಸೀಸದ ವಿಷಯದಲ್ಲೂ ಇದೇ ಎಡವಟ್ಟು. ಮದ್ದು ಸಿಡಿದ ಹೊಡೆತಕ್ಕೆ ಮೆತ್ತಗಿನ ಗುಂಡು ಹಿಗ್ಗಿ ನಳಿಗೆಯ ಒಳಗೋಡೆಯ ಸುರುಳಿ ಗೀರುಗಳನ್ನು ತುಂಬಬೇಕು. ಅಂಗಡಿಯಲ್ಲಿ ಸಿಗುವ ಆಂಟಿಮನಿ ಬೆರೆಸಿದ ಗಟ್ಟಿ ಗುಂಡು ಹಾಗೆ ಹಿಗ್ಗುವುದಿಲ್ಲ. ಪಕ್ಕದಿಂದ ಅನಿಲ ನುಗ್ಗುತ್ತದೆ, ಗುರಿ ಕೆಡುತ್ತದೆ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಸುತ್ತಿದ ಹಿತ್ತಾಳೆ ತಗಡಿನ ಆ ತೋಟೆ 1885ರಲ್ಲಿ ಸುಡಾನ್‌ನ ಅಬು ಕ್ಲೀ ಕಾಳಗದಲ್ಲಿ ಕೋವಿಯೊಳಗೇ ಸಿಕ್ಕಿಕೊಂಡು ಸೈನಿಕರ ಪ್ರಾಣಕ್ಕೇ ಕುತ್ತು ತಂದಿತ್ತು. ಇಂದಿನ ಗಟ್ಟಿ ಹಿತ್ತಾಳೆಯ ತೋಟೆ ಎಷ್ಟೋ ಮೇಲು. ಆದರೆ ಅದರ ಹೊಟ್ಟೆ ದೊಡ್ಡದು. 85 ಗ್ರೇನ್ ಹಾಕಿದರೂ ಮೇಲೆ ಜಾಗ ಉಳಿಯುತ್ತದೆ. ಕಪ್ಪು ಮದ್ದಿನ ಮೇಲೆ ಖಾಲಿ ಜಾಗ ಬಿಡುವಂತಿಲ್ಲ, ನಳಿಗೆ ಬಳೆಯಂತೆ ಉಬ್ಬಿಬಿಡಬಹುದು. ಬಿಲ್ಲೆಯೋ ಫಿಲ್ಲರ್ರೋ ಹಾಕಿ ಜಾಗ ತುಂಬಬೇಕು, ಮದ್ದು ಸ್ವಲ್ಪ ಅದುಮಿರಬೇಕು. ಉದ್ದ ಕೊಳವೆಯಲ್ಲಿ ನಿಧಾನವಾಗಿ ಸುರಿದರೆ ಕಾಳುಗಳು ತಾವೇ ಒತ್ತಾಗಿ ಕೂರುತ್ತವೆ. ಹೊಗೆಯಿಲ್ಲದ ಮದ್ದನ್ನಂತೂ ಈ ಕೋವಿಗಳ ಹತ್ತಿರ ತರಲೇಬೇಡಿ.

ಕಪ್ಪು ಮದ್ದಿನಲ್ಲಿ ನಿಖರತೆ ಎಲ್ಲಿ ಬಂತು ಅನ್ನುವವರಿಗೆ 1874ರ ಕ್ರೀಡ್‌ಮೂರ್ ಗುಂಡು ಹಾರಿಸುವ ಪಂದ್ಯ ನೆನಪಿಸುತ್ತೇನೆ. ನ್ಯೂಯಾರ್ಕ್ ಹತ್ತಿರ, 800, 900, 1000 ಗಜ ದೂರದಲ್ಲಿ. ಅಮೆರಿಕ 934, ಐರ್ಲೆಂಡ್ 931. ಅಷ್ಟು ದೂರಕ್ಕೆ ಮೂರೇ ಅಂಕದ ಅಂತರ! ಐರಿಷ್ ಸ್ಪರ್ಧಿಯೊಬ್ಬ ಪಕ್ಕದವರ ಗುರಿಫಲಕದ ನಡುಮಧ್ಯಕ್ಕೆ ಹೊಡೆದಿದ್ದ, ಪಾಪ. ಅವು ಸ್ಪರ್ಧೆಯ ಕೋವಿಗಳು, ನಿಜ. ಮದ್ದು ಮಾತ್ರ ಇದೇ.

ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ತೋಟೆ ತುಂಬುವುದು ಅಪರಾಧ. ಹಾಗಾಗಿ ಈ ಮಾತು ಕಾನೂನು ಬಿಡುವ ದೇಶಗಳಲ್ಲಿ ರೇಂಜಿಗೆ ಹೋಗುವ ಕನ್ನಡಿಗರಿಗೆ. 2003ರಲ್ಲಿ ನೇಪಾಳದ ಹಳೆಯ ಶಸ್ತ್ರಾಗಾರದಿಂದ ಅಮೆರಿಕದ ವ್ಯಾಪಾರಿಗಳು ರಾಶಿ ರಾಶಿ ಮಾರ್ಟಿನಿಗಳನ್ನು ಕೊಂಡರು. ಅಂಥದ್ದೊಂದು ನಿಮ್ಮ ಹತ್ತಿರ ಇದೆಯಾ? ಮೊದಲು ಕೋವಿ ಬಲ್ಲವರಿಗೆ ತೋರಿಸಿ. ಆಮೇಲೆ ಮೆತ್ತಗಿನ ಸೀಸದ ತುಂಡೊಂದನ್ನು ನಳಿಗೆಯಲ್ಲಿ ತೂರಿಸಿ ಒಳ ಅಳತೆ ತೆಗೆಯಿರಿ, ಏಕೆಂದರೆ ಒಂದರ ಅಳತೆ ಇನ್ನೊಂದಕ್ಕಿಲ್ಲ. ಆ ಅಳತೆಗೆ ಹೊಂದುವ ಗುಂಡು, ಅದರ ಹಿಂದೆ ಮೇಣ. ಇವೆರಡು ಸರಿಹೋದ ಮೇಲೆ ಬೇಕಾದರೆ 85ರೋ 80ರೋ ಅಂತ ಜಗಳ ಆಡೋಣ.