ನಂಬದವರಿಗೆ ಸಂಘ ಯಾಕೆ?

ಗೆಳೆಯರೇ, ನಮಸ್ಕಾರ.

"ದೇವರೇ ಇಲ್ಲ ಅಂತೀರಿ, ಇಲ್ಲದ್ದಕ್ಕೆ ಸಂಘ ಯಾಕ್ರೀ? ಕ್ರಿಕೆಟ್ ಆಡದವರೆಲ್ಲ ಸೇರಿ ಕ್ಲಬ್ ಮಾಡ್ತಾರಾ?" ಬಳ್ಳಾರಿಯಲ್ಲಿ ಈ ಮಾತು ಕೇಳಿಸಿಕೊಳ್ಳದ ನಾಸ್ತಿಕ ಇರಲಿಕ್ಕಿಲ್ಲ. ಪ್ರಶ್ನೆ ಚೆನ್ನಾಗಿದೆ. ಆದರೆ ಕ್ರಿಕೆಟ್ ಆಡದವನಿಗೆ "ಹೆಣ್ಣು ಕೊಡಲ್ಲ" ಅಂತ ಯಾರೂ ಅನ್ನುವುದಿಲ್ಲ. ಅವನು ಸತ್ತರೆ ಹೆಗಲು ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ನಮ್ಮ ಕಡೆ ಧರ್ಮ ಬರೀ ನಂಬಿಕೆಯಲ್ಲ. ಹುಟ್ಟು, ಮದುವೆ, ಸಾವು ಮೂರಕ್ಕೂ ಜನ ಒದಗಿಸುವುದು ಅದೇ, ಜಾತಿಯ ಜೊತೆ ಸೇರಿಕೊಂಡು. ನಂಬಿಕೆಯನ್ನು ಒಬ್ಬನೇ ಕೂತು ಬಿಡಬಹುದು. ಬಿಟ್ಟ ಮೇಲೆ ಆ ಜನರನ್ನು ಎಲ್ಲಿಂದ ತರ್ತೀರಿ?

ಸಾವನ್ನೇ ನೋಡಿ. ಒಬ್ಬ ಹಿರಿಯರು ದೇಹದಾನಕ್ಕೆ, ನೇತ್ರದಾನಕ್ಕೆ ಬರೆದುಕೊಟ್ಟಿದ್ದಾರೆ ಅನ್ನಿ. ಬೆಳಗಿನ ಜಾವ ತೀರಿಕೊಂಡರು. ಸುಮಾರು ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಫೋನ್ ಮಾಡಬೇಕು, ಡಾಕ್ಟರ ಸರ್ಟಿಫಿಕೇಟ್ ಬೇಕು, ಜೆರಾಕ್ಸ್ ಬೇಕು. ಅಷ್ಟರಲ್ಲಿ ಚಿಕ್ಕಪ್ಪ ಬರುತ್ತಾರೆ: "ನಮ್ಮಣ್ಣನ್ನ ಮಣ್ಣು ಮಾಡೋದು ಬಿಟ್ಟು ಕೊಯ್ಯೋಕೆ ಕೊಡ್ತೀಯೇನೋ?" ಸತ್ತವರ ಸಹಿ ಇದ್ದರೂ ಮನೆಯವರು ಒಪ್ಪದಿದ್ದರೆ ಸಾಮಾನ್ಯವಾಗಿ ಕಾಲೇಜಿನವರು ದೇಹ ತೆಗೆದುಕೊಳ್ಳುವುದಿಲ್ಲ. ಅಳುತ್ತಿರುವ ಮಗ ಎಷ್ಟು ಜನರ ಜೊತೆ ವಾದ ಮಾಡ್ತಾನೆ? ಆಗ ನಾಲ್ಕು ಜನ ಬರಬೇಕು. ಒಬ್ಬರು ಫೋನ್ ಹಿಡಿಯಬೇಕು. ಇನ್ನೊಬ್ಬರು ಚಿಕ್ಕಪ್ಪನ ಪಕ್ಕ ಕೂತು, ವಾದ ಮಾಡದೆ, ಟೀ ಕುಡಿಸಬೇಕು. ಈ ಎರಡನೇ ಕೆಲಸಕ್ಕೇ ಸಂಘ ಜಾಸ್ತಿ ಬೇಕಾಗೋದು.

ಮದುವೆಯೂ ಅಷ್ಟೇ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಪುರೋಹಿತರು ಬೇಡ, ಸಾಕ್ಷಿಗಳು ಮೂವರು ಬೇಕು. ಮದುವೆ ಅಧಿಕಾರಿಗೆ ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಮನೆಯವರು ಹೊರಗೆ ಹಾಕಿದರೆ ಆ ತಿಂಗಳು ಹುಡುಗಿ ಎಲ್ಲಿರಬೇಕು? ಯಾರದೋ ಮನೆ ಬಾಗಿಲು ತೆರೆದಿರಬೇಕು.

ಇದು ಹೊಸದೇನಲ್ಲ. ನಾಸ್ತಿಕ ಚಿಂತಕ ಗೋರಾ (ಗೋಪರಾಜು ರಾಮಚಂದ್ರ ರಾವ್) ಅವರು 1940ರಲ್ಲಿ ಆಂಧ್ರದ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಶುರು ಮಾಡಿದರು, ಆಮೇಲೆ ವಿಜಯವಾಡಕ್ಕೆ ಬಂದರು. ದೇವರಿಲ್ಲ ಅಂತ ಭಾಷಣ ಮಾಡಿ ಸುಮ್ನೆ ಕೂರಲಿಲ್ಲ. ಎಲ್ಲ ಜಾತಿಯವರೂ ಒಟ್ಟಿಗೆ ಕೂತು ಉಣ್ಣುವ ಸಹಭೋಜನ ನಡೆಸಿದರು, ಮಗಳನ್ನು ದಲಿತ ಯುವಕನಿಗೆ ಮದುವೆ ಮಾಡಿಕೊಟ್ಟರು.

ಭಯವೂ ಒಂದು ಕಾರಣ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ, ಮೂಢನಂಬಿಕೆಯನ್ನು ಪ್ರಶ್ನಿಸುತ್ತಿದ್ದ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಅದರ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮ ಹುಳುಕನ್ನೂ ಹೇಳಬೇಕಲ್ವಾ? ಗ್ರಹಣದ ದಿನ ನಾವು ಬೀದಿಯಲ್ಲಿ ನಿಂತು ಮಂಡಕ್ಕಿ, ಮಿರ್ಚಿ ತಿಂದು ಫೋಟೋ ತೆಗೆಸಿಕೊಳ್ಳುತ್ತೇವೆ. ಅದೇ ಹೊತ್ತಿಗೆ ಉಪ್ಪಿನಕಾಯಿ ಭರಣಿಯ ಮೇಲೆ ಗರಿಕೆ ಇಡಲಿಲ್ಲ ಅಂತ ಒಬ್ಬ ಸೊಸೆ ಮನೆಯಲ್ಲಿ ಬೈಸಿಕೊಳ್ಳುತ್ತಿರುತ್ತಾಳೆ. ಅವಳ ಧೈರ್ಯ ನಮ್ಮದಕ್ಕಿಂತ ದೊಡ್ಡದು, ಫೋಟೋ ಮಾತ್ರ ಇಲ್ಲ. ಇವತ್ತು ಈ ಹಾಲ್‌ನಲ್ಲಿ ಹೆಂಗಸರನ್ನು ಬೆರಳಲ್ಲಿ ಎಣಿಸಬಹುದು. ಸಂಜೆ ಏಳಕ್ಕೆ, ಅಡುಗೆ ಹೊತ್ತಲ್ಲಿ ಸಭೆ ಕರೆದರೆ ಯಾರು ಬರ್ತಾರೆ? ಮುಂದಿನದನ್ನು ಭಾನುವಾರ ಮಧ್ಯಾಹ್ನ ಇಡೋಣ, ಮಕ್ಕಳನ್ನು ನೋಡಿಕೊಳ್ಳೋಕೆ ಇಬ್ಬರು ಗಂಡಸರು ಹೆಸರು ಕೊಡಿ.

ದೇಹದಾನದ ಫಾರ್ಮ್ ಬಾಗಿಲ ಹತ್ತಿರದ ಟೇಬಲ್ ಮೇಲಿದೆ. ಇಲ್ಲೇ ಸಹಿ ಹಾಕಬೇಡಿ. ಮನೆಗೆ ಒಯ್ದು ಮೊದಲು ಎಲ್ಲರಿಗೂ ಓದಿ ಹೇಳಿ. ಈಗ ಪ್ರಶ್ನೆಗಳಿದ್ದರೆ ಕೇಳಿ.